ಎರಡೇ ಚೌಕದ ಸಂಸಾರ

ಅವಳನ್ನು ಎಲ್ಲರೂ ಕಿಟಕಿಯಮ್ಮ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿದೆ, ಬಿಡಿ. ಮಕ್ಕಳ ಮನಸ್ಸಿನ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಎಡಗಡೆ ಒಂದು ಗಾಜಿನ ಕಿಟಕಿ, ಗಾಜಿನಲ್ಲಿ ಅರ್ಧಚಂದ್ರದಂಥ ಒಂದು ತೂತು, ಆ ತೂತಿನ ಹಿಂದೆ ಇಪ್ಪತ್ತಮೂರು ವರ್ಷದಿಂದ ಅವಳು. ಅದನ್ನು ಕೊರೆದ ಪುಣ್ಯಾತ್ಮ ಎಷ್ಟು ಕೆಳಗೆ ಕೊರೆದಿದ್ದಾನೆ ಎಂದರೆ, ಒಂದು ಮಾತು ಕೇಳಬೇಕಾದರೆ ದೊಡ್ಡವರು ಸೊಂಟ ಬಗ್ಗಿಸಲೇಬೇಕು. ಮಕ್ಕಳಿಗೆ ಮಾತ್ರ ಅದು ಸರಿಯಾಗಿ ಮುಖದ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಒಳಗೆ ಡಾಕ್ಟರ ಹತ್ತಿರ ತುಟಿ ಬಿಚ್ಚದ ಎಷ್ಟೋ ಮಕ್ಕಳು ಕಿಟಕಿಯಮ್ಮನ ಹತ್ತಿರ ಊರ ಸುದ್ದಿಯೆಲ್ಲ ಹೇಳಿಹೋಗಿದ್ದುಂಟು.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಸಾಲು ಮುರಿದವರನ್ನು ಬಿಟ್ಟವಳಲ್ಲ. "ನೀವೊಬ್ಬರೇನಾ ಮಗು ಹೆತ್ತಿರೋದು?" ಅಂತ ದೊಡ್ಡ ಅಧಿಕಾರಿಗಳ ಹೆಂಡತಿಯರನ್ನೂ ಕೇಳಿದವಳು. ಆದರೆ ಅವಳ ಕಾರ್ಡುಗಳನ್ನು ನೋಡಿದವರಿಗೆ ಅವಳ ಇನ್ನೊಂದು ಮುಖ ಗೊತ್ತು. ಒಂದು ಮಗುವಿಗೆ ಒಂದು ದಪ್ಪ ಕಾರ್ಡು. ಮುಂದುಗಡೆ ಆಸ್ಪತ್ರೆಯವರು ಕೇಳಿದ್ದು, ಹಿಂದುಗಡೆ ಅವಳು ಕಂಡದ್ದು, ಪೆನ್ಸಿಲಿನಲ್ಲಿ. 'ಅಪ್ಪ ಎದುರಿಗಿದ್ದರೆ ಬಾಯಿ ಬಿಡಲ್ಲ.' 'ಕರೆದುಕೊಂಡು ಬರೋದು ಪಕ್ಕದ ಮನೆಯವರು, ಅವರನ್ನೇ ಕೇಳಿ.' 'ಅಣ್ಣನ ವಿಷಯ ಎತ್ತಬೇಡಿ.' ಹಳೇ ಆಪ್ತಸಲಹೆಗಾರರು ಮೊದಲು ಕಾರ್ಡಿನ ಬೆನ್ನು ಓದಿ ಆಮೇಲೆ ಹೊಟ್ಟೆ ಓದುತ್ತಿದ್ದರು.

ಯಾರೂ ಹೇಳಿಕೊಟ್ಟ ಅಭ್ಯಾಸವಲ್ಲ ಅದು. ಅವಳ ಒಬ್ಬಳೇ ಮಗಳು ಏಳನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ್ದಳು. ಇದೇ ಆಸ್ಪತ್ರೆಗೆ ಹನ್ನೊಂದು ತಿಂಗಳು ತಿರುಗಿದ್ದಾಳೆ ಆ ತಾಯಿ. ಮಗುವನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು, ಇವಳು ಹೊರಗೆ ಬೆಂಚು ಕಾಯುತ್ತಿದ್ದಳು. ಮನೆಯಲ್ಲಿ ಏನು ನಡೀತು ಅಂತ ಒಬ್ಬ ನರಪಿಳ್ಳೆಯೂ ಕೇಳಲಿಲ್ಲ. ಮಗುವಿನ ಕಣ್ಣೆದುರಿಗೇ ತಾತ ಮೆಟ್ಟಿಲಿನಿಂದ ಬಿದ್ದು ಪ್ರಾಣ ಬಿಟ್ಟಿದ್ದರು. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು. ಅದನ್ನು ಕಂಡುಹಿಡಿಯುವುದಕ್ಕೆ ಒಳಗಿನವರಿಗೆ ಐದು ತಿಂಗಳು ಹಿಡಿಯಿತು. ಮಗಳೇನೋ ಹುಷಾರಾದಳು, ಈಗ ಕೊರಿಯರ್ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸ, ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. ಆ ಬೆಂಚಿನ ಮೇಲೆ ಕೂತಿದ್ದಾಗಲೇ ಯಾರೋ ಬಂದು, "ನಿಮಗೆ ಓದು ಬರಹ ಬರುತ್ತಲ್ಲ, ಗುಮಾಸ್ತೆ ಹೆರಿಗೆಗೆ ಹೋಗಿದ್ದಾಳೆ, ಮೂರು ತಿಂಗಳು ಕಿಟಕಿ ನೋಡ್ಕೊಳ್ತೀರಾ?" ಅಂದರು. ಹೆರಿಗೆಗೆ ಹೋದವಳು ತಿರುಗಿ ಬರಲೇ ಇಲ್ಲ.

ಹೋದ ವರ್ಷ ಹೊಸ ಮುಖ್ಯಸ್ಥೆ ಬಂದರು. ದೊಡ್ಡ ಡಾಕ್ಟರಮ್ಮ. ಸುಳ್ಳು ಯಾಕೆ ಹೇಳಬೇಕು, ಒಳ್ಳೆಯ ಹೆಂಗಸು. ಎಲ್ಲರನ್ನೂ, ಕಸ ಗುಡಿಸುವವರನ್ನೂ ಬಿಡದೆ, ಒಂದು ಕಡೆ ಸೇರಿಸಿ ಹೇಳಿದರು: "ಮಗುವಿನ ಮನಸ್ಸು ಮನೆಯಲ್ಲಿರುತ್ತೆ. ಮನೆಯವರನ್ನು ಹೊರಗೆ ಕೂರಿಸಿ ಮಗುವನ್ನು ಸರಿಮಾಡೋಕಾಗಲ್ಲ. ಇನ್ನು ಮೇಲೆ ಈ ಆಸ್ಪತ್ರೆಗೆ ಕುಟುಂಬವೇ ಕೇಂದ್ರ." ಕಿಟಕಿಯಮ್ಮ ಹಿಂದಿನ ಸಾಲಿನಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ಗಂಡನಿಗೂ ಹೇಳಿದಳು. ಕೈಗಡಿಯಾರ ರಿಪೇರಿ ಮಾಡುವ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, "ನೋಡೋಣ ಇರು, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ," ಅಂದ. ಅವಳಿಗೆ ಆಗ ಅವನ ಮೇಲೆ ಸಿಟ್ಟು ಬಂತು.

ಏಳು ತಿಂಗಳು ಸಮಿತಿ ಕೂತಿತು. ಕೂತದ್ದೇ ಕೂತದ್ದು. ಎರಡು ದಿನದ ತರಬೇತಿ ಆಯಿತು, ದೊಡ್ಡ ದೊಡ್ಡ ಹಾಳೆಗಳ ಮೇಲೆ ಬಣ್ಣದ ಪೆನ್ನಿನಲ್ಲಿ ವೃತ್ತಗಳನ್ನು ಬರೆದದ್ದಾಯಿತು. ಗೇಟಿಗೆ ಹೊಸ ಬೋರ್ಡು ಬಂತು: ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನಾಲ್ವರಿಗೂ ಸೇರಿ ನೂರಿಪ್ಪತ್ತು ಹಲ್ಲು. ಮಕ್ಕಳ ಜೊತೆ ಚೆನ್ನಾಗಿ ಮಾತಾಡುತ್ತಿದ್ದ ಹಳೇ ಆಪ್ತಸಲಹೆಗಾರರನ್ನು 'ಬದಲಾವಣೆಯ ಸಂಯೋಜಕ' ಮಾಡಿ ಮೇಲಿನ ಮಹಡಿಗೆ ಹತ್ತಿಸಿದರು. ಅವರು ಈಗ ಮಕ್ಕಳನ್ನೇ ನೋಡುವುದಿಲ್ಲ, ವರದಿ ನೋಡುತ್ತಾರೆ. ಕಾರ್ಡು ಹೋಗಿ ಕಂಪ್ಯೂಟರ್ ಬಂತು. ಕಾರ್ಡುಗಳ ಮುಂಭಾಗವನ್ನು ಯಂತ್ರಕ್ಕೆ ತೋರಿಸಿ, ಕಟ್ಟು ಕಟ್ಟಿ ಗೋದಾಮಿಗೆ ಹಾಕಿದರು. "ಹಿಂದುಗಡೆ?" ಅಂತ ಕಿಟಕಿಯಮ್ಮ ಕೇಳಿದ್ದಕ್ಕೆ ಯಂತ್ರದ ಹುಡುಗಿ, "ಹಿಂದುಗಡೆ ಏನಿಲ್ಲವಲ್ಲ ಆಂಟಿ, ಬರೀ ಪೆನ್ಸಿಲ್ ಗೀಚು," ಅಂದಳು.

ಹೊಸ ಪರದೆಯ ಮೇಲೆ 'ಕುಟುಂಬ' ಅನ್ನುವ ತಲೆಬರಹ. ಅದರ ಕೆಳಗೆ ಎರಡು ಚೌಕ. ಒಂದು ತಾಯಿ, ಒಂದು ತಂದೆ. ಮುಗಿಯಿತು ಸಂಸಾರ.

ನಿಯಮ ಹೀಗಿತ್ತು. ಪ್ರತಿ ಸಲವೂ ತಾಯಿ ಅಥವಾ ತಂದೆ ಮಗುವಿನ ಜೊತೆ ಒಳಗೆ ಕೂರಲೇಬೇಕು. ಇಬ್ಬರೂ ಇಲ್ಲದಿದ್ದರೆ ಮಗು ಬಂದಿದ್ದರೂ ಗೈರು. ಮೂರು ಗೈರು ಬಿದ್ದರೆ ಫೈಲು ಮುಚ್ಚಿತು; ಮತ್ತೆ ಬೇಕೆಂದರೆ ಪಟ್ಟಿಯ ಬಾಲಕ್ಕೆ ಸೇರಬೇಕು, ಎಂಟು ತಿಂಗಳು ಕಾಯಬೇಕು. ಹೊತ್ತು ಮಾತ್ರ ಅದೇ ಹಳೇ ಹೊತ್ತು: ಮಂಗಳವಾರ, ಗುರುವಾರ, ಹತ್ತರಿಂದ ಹನ್ನೆರಡು. ಲೋಕದ ಅಪ್ಪ ಅಮ್ಮಂದಿರೆಲ್ಲ ಆ ಹೊತ್ತಿನಲ್ಲಿ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾರಲ್ಲ, ಅದಕ್ಕೆ.

ಸಮಿತಿಗೆ ಇವಳನ್ನೂ ಒಮ್ಮೆ ಕರೆದಿದ್ದರು, ಬಾಗಿಲ ಪಕ್ಕದ ಕುರ್ಚಿಗೆ. ಅವಳು ಎದ್ದು ಹೇಳಿದಳು: "ಮೇಡಂ, ಅರ್ಧ ಮಕ್ಕಳನ್ನು ಕರ್ಕೊಂಡು ಬರೋದು ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ. ಅವರಿಗೊಂದು ಚೌಕ ಹಾಕಿ. ತಿಂಗಳಿಗೆ ಒಂದು ಭಾನುವಾರ ಬಾಗಿಲು ತೆಗೀರಿ." ಎಲ್ಲರೂ ತಲೆ ಆಡಿಸಿದರು. ಒಬ್ಬರು ಅದನ್ನು ಹಳದಿ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿ, "ತುಂಬಾ ಒಳ್ಳೆಯ ಅಂಶ," ಅಂದರು. ಮಾರನೇ ವಾರ ಗೋಡೆಯ ಮೇಲೆ ಬೇರೆ ಚೀಟಿಗಳಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂತ ಅವಳು ಗಂಡನ ಹತ್ತಿರ ಉರಿದುಕೊಂಡಳು. "ಊಟಕ್ಕೆ ಕರೆದು ತಟ್ಟೆ ಬಚ್ಚಿಟ್ರು ಅನ್ನು," ಅಂದ ಅವನು. ಅವತ್ತು ಅವನ ಮೇಲೆ ಸಿಟ್ಟು ಬರಲಿಲ್ಲ.

ಈಗ ಪುಟ್ಟಿಯ ವಿಷಯ. ಹತ್ತು ವರ್ಷದ ಹುಡುಗಿ. ತನ್ನ ಹುಬ್ಬಿನ ಕೂದಲನ್ನು ತಾನೇ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಳು. ಶಾಲೆಯಲ್ಲಿ ಹುಡುಗರು 'ಬೋಳು ಮೊಟ್ಟೆ' ಅಂದ ಮೇಲೆ ಶಾಲೆಯನ್ನೂ ಬಿಟ್ಟಳು. ಅಮ್ಮ ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುತ್ತಾಳೆ, ಹಾಸ್ಟೆಲಿನಲ್ಲಿ ವಾಸ, ಎರಡು ಭಾನುವಾರಕ್ಕೊಮ್ಮೆ ಬರುತ್ತಾಳೆ. ಅಪ್ಪ ಟ್ಯಾಂಕರ್ ಓಡಿಸುತ್ತಾನೆ, ಬಂದಾಗ ಬಂದ. ಒಂದೂವರೆ ವರ್ಷದಿಂದ ಪುಟ್ಟಿ ಇರುವುದು ಅಮ್ಮನ ಅಕ್ಕನ ಮನೆಯಲ್ಲಿ. ಆ ದೊಡ್ಡಮ್ಮನೇ ಎರಡು ಬಸ್ಸು ಬದಲಾಯಿಸಿ ಪ್ರತಿ ಮಂಗಳವಾರ ಅವಳನ್ನು ಕರೆತರುವುದು.

ಮೊದಲ ದಿನ ದೊಡ್ಡಮ್ಮ ಅರ್ಜಿ ತುಂಬುತ್ತಿದ್ದಾಗ ಪುಟ್ಟಿ ತೂತಿಗೆ ಮುಖ ಒಡ್ಡಿ ಕೇಳಿದಳು:

"ಆಂಟಿ, ಅದರಲ್ಲಿ ಅಮ್ಮ ಅಂತ ಯಾರ ಹೆಸರಿದೆ?"

"ನಿನ್ನಮ್ಮನದೇ. ಇನ್ಯಾರದು?"

"ತೋರ್ಸಿ."

ಕಿಟಕಿಯಮ್ಮ ತೋರಿಸಿದಳು. ಹುಡುಗಿ ಬೆರಳಿಟ್ಟು ಓದಿದಳು. ಆಮೇಲೆ ಮೆಲ್ಲಗೆ, ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಕೇಳಿಸದ ಹಾಗೆ, "ಅಮ್ಮ ನನ್ನನ್ನ ಇವರಿಗೆ ಕೊಟ್ಬಿಟ್ಟಿದ್ದಾಳೆ ಅಂತ ಶಾಲೇಲಿ ಹೇಳ್ತಾರೆ," ಅಂದಳು. "ಯಾವ ಮುಠ್ಠಾಳ ಹೇಳಿದ್ದು?" ಅಂದಳು ಕಿಟಕಿಯಮ್ಮ. ಅಂದಿನಿಂದ ಪ್ರತಿ ಮಂಗಳವಾರ ಪುಟ್ಟಿಗೆ ಕಾರ್ಡು ತೋರಿಸಲೇಬೇಕು. ಹೆಸರು ಇದ್ದಲ್ಲೇ ಇದೆ ಅಂತ ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಐದು ತಿಂಗಳಲ್ಲಿ ಹುಬ್ಬು ತೆಳ್ಳಗೆ ಚಿಗುರಿತು. ವಾರಕ್ಕೆ ಮೂರು ದಿನ ಶಾಲೆಗೂ ಹೋಗತೊಡಗಿದಳು.

ಆಗಲೇ ಬಂತಲ್ಲ ಈ ಬದಲಾವಣೆ.

ಮೊದಲ ಮಂಗಳವಾರ, ತಾಯಿಯೂ ಇಲ್ಲ ತಂದೆಯೂ ಇಲ್ಲ ಅಂತ ಕಂಪ್ಯೂಟರ್ ಒಪ್ಪಲಿಲ್ಲ. ಗೈರು. ಎರಡನೇ ಮಂಗಳವಾರವೂ ಅದೇ ಹಾಡು. ಹುಡುಗಿ ಕಣ್ಣೆದುರಿಗೆ ನಿಂತಿದ್ದಾಳೆ, ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂದಿಲ್ಲ ಅಂತ ಇದೆ. ಕಿಟಕಿಯಮ್ಮನಿಗೆ ಮೈಯೆಲ್ಲ ಉರಿಯಿತು. ಮೇಲಿನ ಮಹಡಿಗೆ ಹೋಗಿ ಸಂಯೋಜಕರನ್ನು ಕೇಳಿದಳು. "ನಂಗೂ ಗೊತ್ತು ಕಣಮ್ಮ ಆ ಹುಡುಗಿ," ಅಂದರು ಅವರು, ಪಾಪ, ಮುಖ ತಗ್ಗಿಸಿ. "ಮೂರನೇ ಚೌಕಕ್ಕೆ ಪ್ರಸ್ತಾವನೆ ಹೋಗಿದೆ. ಮುಂದಿನ ಸಭೆಯಲ್ಲಿ ಬರಬಹುದು." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರ ಹತ್ತಿರ ಏನು ಹೇಳುವುದು? ಅವಳು ಮೆಟ್ಟಿಲಿಳಿದು ಬಂದಳು.

ಮೂರನೇ ಮಂಗಳವಾರ ಅವಳು ಒಂದು ಕೆಲಸ ಮಾಡಿದಳು. 'ತಾಯಿ' ಅನ್ನುವ ಚೌಕದಲ್ಲಿದ್ದ ಹೆಸರನ್ನು ತೆಗೆದು, ದೊಡ್ಡಮ್ಮನ ಹೆಸರನ್ನು ಹಾಕಿದಳು. ಕಂಪ್ಯೂಟರ್ ತಕ್ಷಣ ಹಸಿರಾಯಿತು. ದೊಡ್ಡಮ್ಮನನ್ನು ತೂತಿನ ಹತ್ತಿರ ಕರೆದು, "ಒಳಗೆ ಯಾರಾದ್ರೂ ಕೇಳಿದ್ರೆ ಸುಮ್ಮನಿದ್ದುಬಿಡಿ. ಪುಟ್ಟಿ ಒಳಗೆ ಹೋದ್ರೆ ಸಾಕು ನಮಗೆ," ಅಂದಳು. ಅವಸರದಲ್ಲಿದ್ದಳು, ಹಿಂದೆ ಹದಿನಾಲ್ಕು ಜನರ ಸಾಲಿತ್ತು. ಪುಟ್ಟಿ ಎಂದಿನಂತೆ "ತೋರ್ಸಿ," ಅಂದದ್ದಕ್ಕೆ, "ಈಗ ಕಾರ್ಡಿಲ್ಲ ಪುಟ್ಟಿ, ಹೋಗು ಹೋಗು, ಹೊತ್ತಾಯ್ತು," ಅಂದು ಕಳಿಸಿಬಿಟ್ಟಳು.

ಒಳಗೆ ನಡೆದದ್ದನ್ನು ದೊಡ್ಡಮ್ಮ ಆಮೇಲೆ ಹೇಳಿದಳು. ಹೊಸ ಆಪ್ತಸಲಹೆಗಾರ್ತಿ, ಚಿಕ್ಕ ವಯಸ್ಸಿನವಳು, ನಗುನಗುತ್ತಾ, "ಅಮ್ಮನ ಜೊತೆ ಬಂದ್ಯಾ ಪುಟ್ಟಿ?" ಅಂದಳಂತೆ. "ಇವರು ದೊಡ್ಡಮ್ಮ," ಅಂದಳಂತೆ ಪುಟ್ಟಿ. ಮನೆಯವರಿಂದ ಏನನ್ನೂ ಮುಚ್ಚಿಡಬಾರದು ಅನ್ನುವುದು ಹೊಸ ಪದ್ಧತಿಯಲ್ವಾ, ಆ ಹುಡುಗಿ ಪರದೆಯನ್ನೇ ಇವರ ಕಡೆ ತಿರುಗಿಸಿ, "ಇಲ್ನೋಡು, ಅಮ್ಮ ಅಂತಾನೇ ಇದೆಯಲ್ಲ," ಅಂದಳಂತೆ. ಪುಟ್ಟಿ ಓದಿದಳು. ಓದಿ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ, ಫೈಲು ಮುಚ್ಚಿ ಹೋದೀತೆಂಬ ಹೆದರಿಕೆಯಲ್ಲಿ, ಹೇಳಿಕೊಟ್ಟ ಹಾಗೆ ಸುಮ್ಮನಿದ್ದಳು.

ಮುಂದಿನ ಮಂಗಳವಾರ ಹತ್ತು ಗಂಟೆಗೆ ದೊಡ್ಡಮ್ಮ ಒಬ್ಬಳೇ ಕಿಟಕಿಗೆ ಬಂದಳು. ಮುಖ ಬಾಡಿಹೋಗಿತ್ತು.

"ಅಕ್ಕಾ, ಅವಳು ಗೇಟಿನ ಹತ್ರ ಕೂತಿದ್ದಾಳೆ. ಒಳಗೆ ಬರಲ್ಲ ಅಂತಾಳೆ. ಹುಬ್ಬೆಲ್ಲ ಕಿತ್ಕೊಂಡಿದ್ದಾಳೆ, ಈಗ ರೆಪ್ಪೆಗೂ ಕೈ ಹಾಕಿದ್ದಾಳೆ. ವಾರದಿಂದ ನನ್ನ ಕೈಯಿಂದ ಒಂದು ಲೋಟ ನೀರೂ ತಗೊಂಡಿಲ್ಲ. ನಾನೇನು ಮಾಡ್ದೆ ಅವಳಿಗೆ?"

ನೀನೇನೂ ಮಾಡಿಲ್ಲ ತಾಯಿ, ಮಾಡಿದವಳು ಇಲ್ಲಿ ಕೂತಿದ್ದಾಳೆ. ಹಾಗಂತ ಮನಸ್ಸಿನಲ್ಲೇ ಅಂದುಕೊಂಡ ಕಿಟಕಿಯಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಇಪ್ಪತ್ತಮೂರು ವರ್ಷದಲ್ಲಿ ಸಾಲಿರುವಾಗ ಅವಳು ಕಿಟಕಿ ಬಿಟ್ಟವಳಲ್ಲ. "ರೀ, ಎಲ್ಲಿ ಹೊರಟ್ರಿ?" ಅಂತ ಸಾಲಿನಲ್ಲಿ ಯಾರೋ ರೇಗಿದರು. ಹನ್ನೆರಡರೊಳಗೆ ಪುಟ್ಟಿ ಒಳಗೆ ಬರದಿದ್ದರೆ ಮೂರನೇ ಗೈರು, ಎಂಟು ತಿಂಗಳು. ಅಷ್ಟರಲ್ಲಿ ಆ ಮಗು ಏನೇನು ಕಿತ್ತುಕೊಳ್ಳುತ್ತದೋ.

ಪುಟ್ಟಿ ಹಲ್ಲುಬಿಡುವ ಬೋರ್ಡಿನ ಕೆಳಗೆ ಕಟ್ಟೆಯ ಮೇಲೆ ಕೂತಿದ್ದಳು, ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು. ಕಿಟಕಿಯಮ್ಮ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಪುಟ್ಟಿ, ಆ ಹೆಸರು ಬದಲಾಯಿಸಿದ್ದು ನಾನು. ನಿನ್ನಮ್ಮ ಅಲ್ಲ, ದೊಡ್ಡಮ್ಮ ಅಲ್ಲ."

ಹುಡುಗಿ ನೆಲ ನೋಡುತ್ತಲೇ ಅಂದಳು:

"ನಿಮಗೆ ಗೊತ್ತಿತ್ತಲ್ಲ. ನಾನು ನಿಮಗೊಬ್ಬರಿಗೇ ಹೇಳಿದ್ದು."

"ಗೊತ್ತಿತ್ತು."

"ಮತ್ತೆ ಯಾಕೆ ಬರೆದ್ರಿ?"

ಸಮಿತಿ, ಚೌಕ, ನಿಯಮ ಅಂತ ಬಾಯಿಯವರೆಗೆ ಬಂದದ್ದನ್ನೆಲ್ಲ ಅವಳು ನುಂಗಿಕೊಂಡಳು. ಅವರನ್ನು ಬೈಯುತ್ತಾ ಬೈಯುತ್ತಾ ತಾನೂ ಅವರದ್ದೇ ಕೆಲಸ ಮಾಡಿದ್ದಳು. ಮಗುವನ್ನು ಕೇಳದೆ ಮಗುವಿನ ಮನೆಯನ್ನು ತುಂಬಿದ್ದಳು. ಅವಳಿಗೆ ನಾಚಿಕೆಯಾಯಿತು.

"ನೀನು ಬೇಗ ಒಳಗೆ ಹೋಗಲಿ ಅಂತ ಬರೆದೆ. ತಪ್ಪು ಮಾಡ್ದೆ ಕಣೇ."

"ಹಾಗಾದ್ರೆ ಅಳಿಸಿ. ನಾನು ನೋಡ್ಬೇಕು."

ಅಳಿಸುವುದು ಅಷ್ಟು ಸುಲಭವೇ? ಬರೆಯಲು ಕಿಟಕಿಗೆ ಅಧಿಕಾರವುಂಟು. ಒಮ್ಮೆ ಒಳಗಿನವರು ನೋಡಿದ ಮೇಲೆ ತಿದ್ದಲು ಮುಖ್ಯಸ್ಥರೊಬ್ಬರಿಗೇ ಅಧಿಕಾರ. ಕಿಟಕಿಯಮ್ಮ ಪುಟ್ಟಿಯ ಕೈ ಹಿಡಿದು, ಹಿಂದೆ ದೊಡ್ಡಮ್ಮನನ್ನು ಕಟ್ಟಿಕೊಂಡು, ದೊಡ್ಡ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಅವರು ಯಾವುದೋ ವರದಿ ಬರೆಯುತ್ತಿದ್ದರು.

"ಮೇಡಂ, ನಾನು ಸುಳ್ಳು ದಾಖಲೆ ಮಾಡಿದ್ದೀನಿ. ತಿದ್ದಿಕೊಡಿ." ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ನೋಡಿಮ್ಮಾ, ಇದಕ್ಕೆ ನಿಮಗೆ ಮೆಮೊ ಕೊಡಲೇಬೇಕಾಗುತ್ತೆ."

"ಕೊಡಿ ಮೇಡಂ. ಮೊದಲು ಇದನ್ನ ತಿದ್ದಿ. ಮಗು ನಿಂತಿದೆ."

ಅವರು ತಿದ್ದಿದರು. ಪುಟ್ಟಿ ಮೇಜಿನ ಆ ಕಡೆ ಹೋಗಿ, ಟೋಪಿ ಮೇಲಕ್ಕೆತ್ತಿ ಓದಿದಳು. ಅಮ್ಮನ ಹೆಸರು ಬಂದಿತ್ತು. ಅದರ ಜೊತೆಗೇ ಪರದೆ ಕೆಂಪಾಯಿತು: ತಾಯಿ ಹಾಜರಿಲ್ಲ.

"ಹೀಗಾದ್ರೆ ಇವತ್ತು ಮೂರನೇ ಗೈರು ಬೀಳುತ್ತಲ್ಲ," ಅಂದರು ಡಾಕ್ಟರಮ್ಮ, ತಮ್ಮ ಸಮಿತಿಯೇ ಹೆತ್ತ ನಿಯಮವನ್ನು ಮೊದಲ ಸಲ ನೋಡುವವರ ಹಾಗೆ. "ಇವಳ ತಾಯಿ ಇವತ್ತು ಬರೋಕಾಗಲ್ವಾ?"

"ಅವಳಿರೋದು ಆರು ಗಂಟೆ ದಾರೀಲಿ ಮೇಡಂ," ಅಂದಳು ದೊಡ್ಡಮ್ಮ. "ಮೊಬೈಲನ್ನು ಶಿಫ್ಟಿಗೆ ಮುಂಚೆ ಗೇಟಲ್ಲೇ ಕಿತ್ಕೊಂಡು ಇಟ್ಕೋತಾರೆ. ಆಫೀಸ್ ನಂಬರ್ ಇದೆ, ಆದ್ರೆ ಕರೆದುಕೊಡಲ್ಲ."

ಕಿಟಕಿಯಮ್ಮ ಮೇಜಿನ ಮೇಲಿದ್ದ ಫೋನನ್ನು ಅವರ ಮುಂದೆ ಸರಿಸಿದಳು. "ನೀವೇ ಕೇಳಿ ಮೇಡಂ. ನಾವು ಕೇಳಿದ್ರೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ."

ಡಾಕ್ಟರಮ್ಮ ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದರು. ಆ ಕಡೆಯ ಗಂಡಸು, "ಶಿಫ್ಟ್ ಮುಗಿದ ಮೇಲೆ ಮಾಡಿ," ಅಂದ.

"ನಾನು ಆಸ್ಪತ್ರೆಯ ಮುಖ್ಯಸ್ಥೆ ಮಾತಾಡ್ತಿರೋದು."

"ಯಾರಾದ್ರೇನು ಮೇಡಂ. ರೂಲ್ ಅಂದ್ರೆ ರೂಲ್."

ಆ ಮಾತನ್ನು ಕಿಟಕಿಯಮ್ಮ ಎಷ್ಟು ಸಾವಿರ ಸಲ ತೂತಿನ ಈಚೆಯಿಂದ ಹೇಳಿದ್ದಳೋ ಲೆಕ್ಕವಿಲ್ಲ. ಡಾಕ್ಟರಮ್ಮನಿಗೆ ಅದನ್ನು ಆಚೆಯಿಂದ ಕೇಳಿ ಅಭ್ಯಾಸವಿರಲಿಲ್ಲ. ಅವರ ಕಿವಿ ಕೆಂಪಾಯಿತು. ಬೆದರಿಸಿದರು, ಬೇಡಿಕೊಂಡರು, ಮಗುವಿನ ಜೀವದ ಪ್ರಶ್ನೆ ಅಂದರು. ಲೈನಿನಲ್ಲಿರಿ ಅಂದು ಅವನು ಎದ್ದುಹೋದ. ಒಂಬತ್ತು ನಿಮಿಷ ಅವರು ಲೈನಿನಲ್ಲಿದ್ದರು. ನೂರಾರು ಹೊಲಿಗೆ ಯಂತ್ರಗಳ ಗರಗರ ಸದ್ದು ಬಿಟ್ಟರೆ ಬೇರೇನಿಲ್ಲ. ಗಡಿಯಾರ ಹನ್ನೊಂದೂವರೆ ದಾಟಿತು. ದೊಡ್ಡಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೂರಿ ಅಂತ ಹೇಳುವುದೂ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಫೋನಿನಲ್ಲಿ ಯಾರೋ ಓಡಿಬಂದ ಏದುಸಿರು.

"ನಾನು ಅವಳಮ್ಮ. ನನ್ನ ಮಗಳಿಗೆ ಏನಾಯ್ತು? ಹೇಳ್ರೀ, ಯಾರಿದ್ದೀರಿ, ನನ್ನ ಮಗಳಿಗೆ ಏನಾಯ್ತು?"

ಡಾಕ್ಟರಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಪುಟ್ಟಿ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಫೋನಿನ ಹತ್ತಿರಕ್ಕೆ ಮುಖ ತಂದಿದ್ದಳು.

"ಅಮ್ಮಾ, ನನಗೇನೂ ಆಗಿಲ್ಲ. ಅಳಬೇಡ. ಇಲ್ಲಿ ನಿನ್ನ ಹೆಸರು ಹೋಗಿತ್ತು, ನಾನು ಹಾಕಿಸ್ದೆ. ನೀನು ಕೆಲಸ ಬಿಟ್ಟು ಓಡಿ ಬರಬೇಡ. ದೊಡ್ಡಮ್ಮ ಜೊತೇಲಿದ್ದಾರೆ."

ಆ ಕಡೆ ಯಂತ್ರಗಳ ಸದ್ದಿನ ನಡುವೆ ಅಮ್ಮ ಅಳುವುದು ಕೇಳಿಸುತ್ತಿತ್ತು. ಗೋಡೆಯ ಹತ್ತಿರ ದೊಡ್ಡಮ್ಮನೂ ಅಳುತ್ತಿದ್ದಳು. ಪುಟ್ಟಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ, ಕೆಂಪಾಗಿದ್ದ ಪರದೆಯ ಪಕ್ಕದಲ್ಲಿ, ಡಾಕ್ಟರಮ್ಮನ ಮುಂದೆ ಇಟ್ಟಳು.

"ಈಗ ಬರೀರಿ," ಅಂದಳು. "ಅಮ್ಮ ಬಂದಿದ್ದಾರೆ."